ಬ್ಯಾರೆಲ್ ಬಾರ್ಲಿ ವೈನ್: ಕೂಡಿಟ್ಟಿದ್ದು ಸಾಕು, ತೆಗೆದು ಕುಡೀರಿ

ನಮಸ್ಕಾರ. ಇವತ್ತಿನ ಮಾತು ಕೆಲವರಿಗೆ ಹಿಡಿಸಲ್ಲ. ಷಿಕಾಗೋದಲ್ಲೋ ಬೋಸ್ಟನ್ನಿನಲ್ಲೋ ಬೇಸ್‌ಮೆಂಟಿನ ತುಂಬ ಬಾಟಲಿ ಜೋಡಿಸಿಟ್ಟು, "ಇದು 2016ರದ್ದು, ಇದು 2018ರದ್ದು, ಮಗಳ ಮದುವೆಗೆ ತೆಗೀತೀನಿ" ಅನ್ನೋರಿಗಂತೂ ಖಂಡಿತ ಹಿಡಿಸಲ್ಲ. ಆದ್ರೂ ಹೇಳಿಬಿಡ್ತೀನಿ. ಬರ್ಬನ್ (ಅಮೆರಿಕದ ಒಂದು ಬಗೆ ವಿಸ್ಕಿ) ಇಟ್ಟಿದ್ದ ಬ್ಯಾರೆಲ್‌ನಲ್ಲಿ ಮಾಗಿ ಬಂದ ಬಾರ್ಲಿ ವೈನ್ ಕೊಂಡ್ರೆ ಎರಡು ವರ್ಷದೊಳಗೆ ಮುಗಿಸಿ. ಮೂರನೇ ವರ್ಷ ಜೂಜು. ಹತ್ತು ವರ್ಷ ಇಡಬಹುದು ಅನ್ನೋದು ಬೇರೆ ಬಗೆಯ ಬಾರ್ಲಿ ವೈನ್ ಬಗ್ಗೆ ಹೇಳಿದ ಮಾತು, ಅದನ್ನ ತಂದು ಇದಕ್ಕೆ ಅಂಟಿಸಿದ್ದಾರೆ.

ಹೊಸಬರಿಗೆ ಒಂದೆರಡು ಮಾತು. ಬಾರ್ಲಿ ವೈನ್ ಅಂದ್ರೆ ತುಂಬಾ ಗಟ್ಟಿ ಬಿಯರ್. ಇಂಗ್ಲೆಂಡಿನ ಬರ್ಟನ್ ಊರಿನ ಬಾಸ್ ಕಂಪನಿಯ ನಂಬರ್ 1 ಏಲ್ ಈ ಹೆಸರಿಂದಲೇ ಪ್ರಸಿದ್ಧಿಗೆ ಬಂತು. ಅಮೆರಿಕದಲ್ಲಿ 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ ಓಲ್ಡ್ ಫಾಗ್‌ಹಾರ್ನ್ ಮಾಡಿತು, 1983ರಲ್ಲಿ ಸಿಯೆರಾ ನೆವಾಡಾದ ಬಿಗ್‌ಫುಟ್ ಬಂತು. ಮಾಮೂಲಿ ಬಿಯರ್‌ಗೆ ಹಾಕೋ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಎರಡು ಪಟ್ಟೋ ಅದಕ್ಕೂ ಜಾಸ್ತಿಯೋ ಹಾಕಿ, ಮೊದಲು ಇಳಿಯೋ ಸಿಹಿ ರಸವನ್ನ ಮಾತ್ರ ತಗೊಂಡು, ಮೂರ್ನಾಲ್ಕು ಗಂಟೆ ಕುದಿಸ್ತಾರೆ. ಹುದುಗೋ ಮುಂಚೆ ರಸದ ಸಾಂದ್ರತೆ (ನೀರಿನದ್ದು 1.000) 1.100ರ ಹತ್ತಿರ ಇರುತ್ತೆ, ಹುದುಗಿದ ಮೇಲೂ 1.030ರ ಆಸುಪಾಸಿನಲ್ಲಿ ನಿಲ್ಲುತ್ತೆ. ಅಂದ್ರೆ ಯೀಸ್ಟ್ ಸೋತು ಕೈಬಿಟ್ಟ ಸಕ್ಕರೆ ಬಾಟಲಿಯಲ್ಲೇ ಉಳಿದಿರುತ್ತೆ. ಈ ಉಳಿದ ಸಿಹಿಯನ್ನ ನೆನಪಿಟ್ಕೊಳ್ಳಿ, ನನ್ನ ವಾದವೆಲ್ಲ ಅದರ ಮೇಲೇ ನಿಂತಿದೆ.

ಹಾಗಾದ್ರೆ ವರ್ಷಗಟ್ಟಲೆ ಇಡೋ ಪದ್ಧತಿ ಬಂದಿದ್ದು ಎಲ್ಲಿಂದ? ಬರ್ಬನ್ ಬ್ಯಾರೆಲ್ ಕಾಣದೆ ಬಾಟಲಿಗಿಳಿದ ಬಾರ್ಲಿ ವೈನ್‌ಗಳಿಂದ. 1968ರಲ್ಲಿ ಡಾರ್ಚೆಸ್ಟರ್‌ನ ಎಲ್‌ಡ್ರಿಜ್ ಪೋಪ್ ಬ್ರೂವರಿ ತಂದ ಥಾಮಸ್ ಹಾರ್ಡೀಸ್ ಏಲ್ ಬಾಟಲಿ ಮೇಲೆ 25 ವರ್ಷ ಇಡಬಹುದು ಅಂತ ಹೇಳ್ಕೊಂಡಿದ್ರು. ಮ್ಯಾಂಚೆಸ್ಟರ್‌ನ ಜೆ.ಡಬ್ಲ್ಯು. ಲೀಸ್ 1986ರಿಂದ ಮಾಡ್ತಿರೋ ಹಾರ್ವೆಸ್ಟ್ ಏಲ್ ಶೇ. 11.5 ಆಲ್ಕೋಹಾಲಿನದ್ದು, ಚೆನ್ನಾಗಿಟ್ರೆ ದಶಕ ದಾಟಿ ಶೆರಿಯಂಥ ಪರಿಮಳಕ್ಕೆ ತಿರುಗುತ್ತೆ. ಬಿಗ್‌ಫುಟ್ ಶೇ. 9.6ರದ್ದು, ಅದರ ಕಹಿ ಅಳತೆ 90 ಐಬಿಯು. ಹೊಸದರಲ್ಲಿ ಬೇವು ಜಗಿದ ಹಾಗಿರುತ್ತೆ. ನಾಲ್ಕೈದು ವರ್ಷದಲ್ಲಿ ಹಾಪ್ಸಿನ (ಬಿಯರ್‌ಗೆ ಕಹಿ ಕೊಡೋ ಹೂವು) ಕಹಿ ಇಳಿದು, ಕೆಳಗಿದ್ದ ಮಾಲ್ಟ್ ಮೇಲೆ ಬರುತ್ತೆ. ಇವಕ್ಕೆಲ್ಲ ಕಾಲ ಬೇಕು, ಯಾಕಂದ್ರೆ ಬಾಟಲಿಗಿಳಿದಾಗ ಇವಿನ್ನೂ ಎಳಸು.

ಬ್ಯಾರೆಲ್‌ನಿಂದ ಬಂದಿದ್ದರ ಕಥೆ ಹಾಗಲ್ಲ. ಅಮೆರಿಕದ ಕಾನೂನಿನಂತೆ ಬರ್ಬನ್ ಇಡಬೇಕಾದ್ದು ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ. ಒಂದು ಸಲ ಬಳಸಿದ್ದನ್ನ ಮತ್ತೆ ಬರ್ಬನ್‌ಗೆ ಬಳಸೋ ಹಾಗಿಲ್ಲ, ಹಾಗಾಗಿ ಅವು ಬ್ರೂವರಿಗಳ ಪಾಲಾಗುತ್ತೆ. ಒಂದೊಂದೂ 53 ಗ್ಯಾಲನ್, ಅಂದ್ರೆ 200 ಲೀಟರ್. ಮರ ಕುಡಿದಿಟ್ಟುಕೊಂಡ ಬರ್ಬನ್ ಕೆಲವು ಲೀಟರ್ ಇದ್ದೇ ಇರುತ್ತೆ. ಅದು ಬಿಯರ್‌ಗೆ ಇಳಿದು ಆಲ್ಕೋಹಾಲನ್ನ ಒಂದೆರಡು ಅಂಶ ಏರಿಸುತ್ತೆ. ಒಂಬತ್ತು ತಿಂಗಳಿಂದ ಒಂದೂವರೆ ವರ್ಷ ಅಲ್ಲೇ ವಾಸ. ಓಕ್‌ನ ಲ್ಯಾಕ್ಟೋನ್‌ನಿಂದ ಒಣಕೊಬ್ಬರಿ ವಾಸನೆ, ಲಿಗ್ನಿನ್ ಒಡೆದು ವೆನಿಲಾ, ಟ್ಯಾನಿನ್‌ನಿಂದ ಅಡಿಕೆ ಜಗಿದಾಗಿನಂಥ ಒಗರು. ಇದೆಲ್ಲದರ ಜೊತೆಗೆ ಹಲಗೆಗಳ ಸಂದಿಯಿಂದ ಗಾಳಿ ನುಸುಳ್ತಾನೇ ಇರುತ್ತೆ, ಆಕ್ಸಿಜನ್ ತನ್ನ ಕೆಲಸ ಮಾಡ್ತಾನೇ ಇರುತ್ತೆ. ಬಾಟಲಿಯಲ್ಲಿ ನಾಲ್ಕೈದು ವರ್ಷಕ್ಕೆ ಆಗೋ ಮಾಗುವಿಕೆ ಇಲ್ಲಿ ಒಂದೇ ವರ್ಷದಲ್ಲಿ ಬಹುಪಾಲು ಆಗಿಬಿಟ್ಟಿರುತ್ತೆ. ಆಮೇಲೆ ಬ್ರೂವರಿಯವರು ಒಂದೊಂದೇ ಬ್ಯಾರೆಲ್ ರುಚಿ ನೋಡಿ, ಹುಳಿಯಾದದ್ದನ್ನ ಚೆಲ್ಲಿ, ಒಳ್ಳೆಯದನ್ನ ಬೆರೆಸಿ, "ಈಗ ಸರಿಯಾಗಿದೆ" ಅನ್ನಿಸಿದ ದಿನ ತುಂಬಿಸ್ತಾರೆ. ಆ ತೀರ್ಮಾನಕ್ಕೆ ಸೇರಿಸೇ ನೀವು ದುಡ್ಡು ಕೊಟ್ಟಿರ್ತೀರಿ. ಅದನ್ನ ತಂದು ಇನ್ನೂ ಎಂಟು ವರ್ಷ ಮೂಲೆಗೆ ಹಾಕಿದ್ರೆ ಏನರ್ಥ?

ಏನಾಗುತ್ತೆ ಅಂತ ಹೇಳ್ತೀನಿ. ಮೊದಲು ಹೋಗೋದು ಕಹಿ. ಹಾಪ್ಸಿನ ಐಸೋ ಆಲ್ಫಾ ಆಮ್ಲಗಳು ಕಾಲಕ್ರಮದಲ್ಲಿ ಒಡೆಯುತ್ತೆ. ಬಿಗ್‌ಫುಟ್‌ನಲ್ಲಿ ಕಹಿ ದಂಡಿಯಾಗಿದೆ, ಕಳ್ಕೊಂಡ್ರೂ ಬಡವಾಗಲ್ಲ. ಬ್ಯಾರೆಲ್‌ಗೆ ಅಂತಲೇ ಮಾಡಿದ ಬಾರ್ಲಿ ವೈನ್‌ಗೆ ಸಾಮಾನ್ಯವಾಗಿ ಹಾಪ್ಸ್ ಕಡಿಮೆ ಹಾಕಿರ್ತಾರೆ. ಇರೋ ಸ್ವಲ್ಪ ಕಹಿ ಹೋದ್ರೆ, ಉಳಿದ ಆ ಸಕ್ಕರೆಗೆ ಎದುರು ಹೇಳೋರು ಯಾರೂ ಇಲ್ಲ. ನಾಲಿಗೆಗೆ ಬರೀ ಜೋನಿ ಬೆಲ್ಲ ಮೆತ್ತಿದ ಹಾಗೆ. ಎರಡನೇದು, ಬರ್ಬನ್‌ನ ಘಮ ತೆಳುವಾಗ್ತಾ ಬರುತ್ತೆ, ಕೊಬ್ಬರಿ ವೆನಿಲಾ ಎಲ್ಲ ಮಸುಕಾಗಿ ಮರದ ಒಗರು ಒಂಟಿಯಾಗಿ ನಿಲ್ಲುತ್ತೆ. ಮೂರನೇದು ಆಕ್ಸಿಜನ್. ಶುರುವಿನಲ್ಲಿ ಒಣದ್ರಾಕ್ಷಿ, ಅಂಜೂರ, ಖರ್ಜೂರ ಅಂತ ಚೆನ್ನಾಗೇ ಇರುತ್ತೆ. ಹದ ಮೀರಿದ್ರೆ ಒದ್ದೆ ರಟ್ಟಿನ ವಾಸನೆ, ಅದಕ್ಕೆ ಕಾರಣ ಟ್ರಾನ್ಸ್-2-ನೊನೆನಾಲ್ ಅನ್ನೋ ಆಲ್ಡಿಹೈಡ್. ತಳದಲ್ಲಿ ಯೀಸ್ಟ್ ಇದ್ರೆ ಅದು ಸತ್ತು ಕರಗಿ ಸೋಯಾ ಸಾಸ್ ವಾಸನೆ ಕೊಡುತ್ತೆ. "ಉಮಾಮಿ ಬಂದಿದೆ" ಅಂತ ಅದನ್ನೂ ಹೊಗಳೋರಿದ್ದಾರೆ. ಇರಲಿ, ಅವರವರ ನಾಲಿಗೆ ಅವರವರಿಗೆ.

ಇನ್ನೊಂದು ಅಪಾಯ ಸೋಂಕು. ಮರವನ್ನ ಸ್ಟೀಲ್ ಟ್ಯಾಂಕಿನ ಹಾಗೆ ತೊಳೆಯೋಕಾಗಲ್ಲ, ಬ್ಯಾಕ್ಟೀರಿಯಾ ಹಲಗೆಯ ಒಳಗೇ ಕೂತಿರುತ್ತೆ. ಷಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿ 2015ರ ಬರ್ಬನ್ ಕೌಂಟಿ ಬಾರ್ಲಿ ವೈನ್‌ಗೆ 2016ರ ಜನವರಿಯಲ್ಲಿ ಗಿರಾಕಿಗಳಿಗೆ ದುಡ್ಡು ವಾಪಸ್ ಕೊಡ್ತು. ಕಾರಣ ಲ್ಯಾಕ್ಟೋಬ್ಯಾಸಿಲಸ್ ಅಸೆಟೋಟಾಲರಾನ್ಸ್ ಅನ್ನೋ ಬ್ಯಾಕ್ಟೀರಿಯಾ. ಅದು ಅಷ್ಟು ಆಲ್ಕೋಹಾಲನ್ನೂ ಲೆಕ್ಕಿಸದೆ ಬಾಟಲಿಯೊಳಗೆ ನಿಧಾನಕ್ಕೆ ಬೆಳೆದು ಹುಳಿ ಮಾಡಿತ್ತು. ಮುಂದಿನ ವರ್ಷದಿಂದ ಅವರು ತುಂಬಿಸೋ ಮುಂಚೆ ಪಾಶ್ಚರೀಕರಣ (ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಲ್ಲೋದು) ಶುರುಮಾಡಿದ್ರು. ಪಾಶ್ಚರೀಕರಣ ಮಾಡದ ಸಣ್ಣ ಬ್ರೂವರಿಯ ಬಾಟಲಿ ಕೈಗೆ ಬಂದ್ರೆ, ಅದನ್ನ ಬೇಗ ತೆಗೆಯೋಕೆ ಇದೊಂದೇ ಕಾರಣ ಸಾಕು.

ಒಂದು ವಿಷಯ ಒಪ್ಪಬೇಕು. ತುಂಬಿಸಿದ ವಾರವೇ ತೆಗೆದ ಶೇ. 15ರ ಬಾಟಲಿ ಕೆಲವೊಮ್ಮೆ ಗಂಟಲು ಸುಡುತ್ತೆ. ಆರು ತಿಂಗಳು ಬಿಟ್ರೆ ಆ ಉರಿ ತಗ್ಗುತ್ತೆ. ಹಾಗಾಗಿ ನಾನು ಹೇಳೋ ಲೆಕ್ಕ ಇಷ್ಟು: ಮೂರು ಕೊಳ್ಳಿ. ಒಂದನ್ನ ತಂದ ವಾರವೇ ತೆಗೆದು ನಾಲ್ಕು ಸಾಲು ಬರೆದಿಡಿ. ಎರಡನೇದನ್ನ ವರ್ಷ ಕಳೆದು ತೆಗೆದು, ಬರೆದಿದ್ದರ ಜೊತೆ ಹೋಲಿಸಿ. ಮೇಲೇರಿದ್ರೆ ಮೂರನೇದು ಇನ್ನೊಂದು ವರ್ಷ ಇರಲಿ. ಇಳಿದಿದ್ರೆ ಆ ವಾರವೇ ಮೂರನೇದನ್ನೂ ಮುಗಿಸಿ.

ಇಡೋದು ಎಲ್ಲಿ? ಕತ್ತಲು, 10ರಿಂದ 13 ಡಿಗ್ರಿ, ಬಾಟಲಿ ನಿಂತೇ ಇರಬೇಕು. ಮಲಗಿಸಿದ್ರೆ ಗಾಳಿಗೆ ತಾಗೋ ಮೇಲ್ಮೈ ಜಾಸ್ತಿ, ಗಸಿ ಬಾಟಲಿಯ ಪಕ್ಕೆಗೆ ಅಂಟುತ್ತೆ. ಮೇಲೆ ಮೇಣ ಸುರಿದಿದ್ದಾರೆ, ಗಾಳಿ ಹೋಗಲ್ಲ ಅಂತ ನಂಬಬೇಡಿ, ಬಹುಪಾಲು ಅದು ಅಲಂಕಾರ. ನನ್ನ ಕೇಳಿದ್ರೆ ಕ್ಯಾನೇ ವಾಸಿ. ಬೆಳಕು ಒಳಗೆ ಹೋಗಲ್ಲ, ಮುಚ್ಚಳದ ಸಂದಿಯ ತಾಪತ್ರಯವೂ ಇಲ್ಲ. ಷಿಕಾಗೋದ ರೆವಲ್ಯೂಷನ್ ಬ್ರೂವರಿ ತನ್ನ ಸ್ಟ್ರೇಟ್ ಜಾಕೆಟ್ ಬಾರ್ಲಿ ವೈನನ್ನ ಕ್ಯಾನಿನಲ್ಲೇ ಕೊಡುತ್ತೆ, ಮತ್ತು ಈ ಬಗೆಯಲ್ಲಿ ಅದಕ್ಕಿಂತ ಚೆನ್ನಾಗಿರೋದು ಬೆರಳೆಣಿಕೆಯಷ್ಟು.

ಬೆಂಗಳೂರಿನ ಮನೆಯಲ್ಲಿ ಅಟ್ಟದ ಮೇಲೆ ಇಡೋರಿದ್ದಾರೆ. ದಯವಿಟ್ಟು ಬೇಡ. ಕಾಂಕ್ರೀಟ್ ತಾರಸಿ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ 32 ಡಿಗ್ರಿ ಸುಲಭವಾಗಿ ಮುಟ್ಟುತ್ತೆ. ಪ್ರತಿ 10 ಡಿಗ್ರಿಗೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತೆ ಅನ್ನೋ ಒರಟು ಲೆಕ್ಕ ಹಿಡಿದ್ರೂ, 12 ಡಿಗ್ರಿಯಲ್ಲಿ ನಾಲ್ಕು ವರ್ಷಕ್ಕೆ ಆಗೋ ಕೆಲಸ ಅಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತೆ. ಶಾಖ ಏನು ಮಾಡುತ್ತೆ ಅಂತ ನಮ್ಮ ಊರಿನ ಅಮೃತ್ ಡಿಸ್ಟಿಲರಿಯನ್ನೇ ನೋಡಿ. ಸ್ಕಾಟ್‌ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ವಿಸ್ಕಿ ಆವಿಯಾದ್ರೆ, ಇಲ್ಲಿ ಶೇ. 10ರಿಂದ 12. ಅಲ್ಲಿನ ವಿಸ್ಕಿಗಿಂತ ಬಹಳ ಬೇಗ ಅಮೃತ್ ಮಾಗೋದೂ ಅದಕ್ಕೇ. ವಿಸ್ಕಿಗೆ ಅದು ವರ, ಬಿಯರ್ ಬಾಟಲಿಗೆ ಶಾಪ. ವೈನ್ ಫ್ರಿಜ್ ಇಲ್ದಿದ್ರೆ ಮಾಮೂಲಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ನಿಲ್ಲಿಸಿ. 4 ಡಿಗ್ರಿಯಲ್ಲಿ ಮಾಗೋದು ನಿಧಾನ ಆಗುತ್ತೆ ಅಷ್ಟೆ, ಕೆಡಲ್ಲ. ಟೆಕ್ಸಸ್‌ನವರು ಗ್ಯಾರೇಜಿನಲ್ಲಿ ಇಡೋದೂ ನಮ್ಮ ಅಟ್ಟದ ಕಥೆಯೇ.

ಈಗ ಕುಡಿಯೋ ವಿಚಾರ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಮೇಣ ಇದ್ರೆ ಮುಚ್ಚಳದ ಅಂಚಿನ ಕೆಳಗೆ ಸಣ್ಣ ಚಾಕುವಿನಿಂದ ಸುತ್ತಲೂ ಗೀರಿ ಬಿಡಿಸಿ, ಬಾಯಿಯನ್ನ ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ರೆ ಮೇಣದ ಚೂರು ಲೋಟಕ್ಕೆ ಬೀಳುತ್ತೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಬ್ರಾಂದಿ ಗ್ಲಾಸು ಒಳ್ಳೆಯದು. 100 ಮಿಲಿ ಸಾಕು. ಬಾಟಲಿ ಒಂದೇ ಸಮನೆ ಓರೆ ಹಿಡಿದು ಸುರಿಯಿರಿ, ಕೊನೇ ಎರಡು ಬೆರಳಿನಷ್ಟು ಗಸಿ ಒಳಗೇ ಉಳೀಲಿ. ನೊರೆ ತೆಳ್ಳಗೆ ಬಂದು ನಿಮಿಷದಲ್ಲಿ ಮಾಯವಾದ್ರೆ ಗಾಬರಿ ಬೇಡ, ಅಷ್ಟು ಆಲ್ಕೋಹಾಲ್‌ನಲ್ಲಿ ನೊರೆ ನಿಲ್ಲಲ್ಲ.

ಮೂಗನ್ನ ನೇರ ಒಳಗೆ ತೂರಿಸಿದ್ರೆ ಸ್ಪಿರಿಟ್ ಹೊಡೆಯುತ್ತೆ, ಬೇರೇನೂ ಸಿಗಲ್ಲ. ಬಾಯಿ ಸ್ವಲ್ಪ ತೆರೆದು, ಲೋಟ ಗಲ್ಲದ ಮಟ್ಟದಲ್ಲಿ ಹಿಡಿದು ಮೂಸಿ. ನೇಲ್ ಪಾಲಿಷ್ ತೆಗೆಯೋ ದ್ರಾವಣದ ವಾಸನೆ ಬಂದ್ರೆ ಈಥೈಲ್ ಅಸಿಟೇಟ್ ಜಾಸ್ತಿಯಾಗಿದೆ ಅಂತ. ವಿನೆಗರ್ ಬಂದ್ರೆ ಬ್ಯಾರೆಲ್‌ಗೆ ಅಸಿಟಿಕ್ ಬ್ಯಾಕ್ಟೀರಿಯಾ ಹೊಕ್ಕಿದೆ. ಲ್ಯಾಕ್ಟಿಕ್ ಸೋಂಕು ಮಾತ್ರ ಮೂಗಿಗೆ ಸುಲಭಕ್ಕೆ ಸಿಗಲ್ಲ. ನಾಲಿಗೆಯ ಪಕ್ಕದಲ್ಲಿ ಚುರುಕ್ಕನೆ ಹುಳಿ ಅನ್ನಿಸಿ, ಬಿಯರ್ ನೀರು ನೀರಾಗಿದ್ರೆ ಅದೇ. ಮೊದಲ ಗುಟುಕು 8 ಡಿಗ್ರಿಯಲ್ಲಿ, ಎರಡನೇದು ಹತ್ತು ನಿಮಿಷ ಬಿಟ್ಟು, ಮೂರನೇದು 14 ಡಿಗ್ರಿ ಹತ್ತಿರ ಬಂದಾಗ. ತಂಪಿನಲ್ಲಿ ಕಹಿ ಒಗರು ಮುಂದೆ, ಬೆಚ್ಚಗಾದಂತೆ ಸಿಹಿ ಆಲ್ಕೋಹಾಲ್ ಮುಂದೆ. ಬೆಚ್ಚಗಾದ ಮೇಲೂ ಎರಡೂ ಸಮನಾಗಿ ನಿಂತ್ರೆ ಆ ಬಿಯರ್ ಗೆದ್ದ ಹಾಗೆ.

ಬೇರೆ ಬೇರೆ ವರ್ಷದ್ದನ್ನ ಜೊತೆಗಿಟ್ಟು ನೋಡುವಾಗ ಹೊಸದರಿಂದ ಹಳೇದಕ್ಕೆ ಹೋಗಬೇಕು ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. ಹೊಸದರ ಬರ್ಬನ್ ನಾಲಿಗೆಯನ್ನ ಮರಗಟ್ಟಿಸಿದ ಮೇಲೆ ಹಳೇದರ ಸೂಕ್ಷ್ಮ ಯಾರಿಗೆ ಗೊತ್ತಾಗುತ್ತೆ? ಹಳೇದನ್ನ ಮೊದಲು ಕುಡೀರಿ. ಜೊತೆಗೆ ಉಪ್ಪು ಹುರಿದ ಗೋಡಂಬಿ, ಸಿಕ್ಕಿದ್ರೆ ಸ್ಟಿಲ್ಟನ್ ಥರದ ನೀಲಿ ಗೀರಿನ ಚೀಸ್. ಕಾಂಗ್ರೆಸ್ ಕಡಲೆಬೀಜ ಪಕ್ಕಕ್ಕಿಡಿ, ಖಾರ ಸೇರಿದ್ರೆ ಆಲ್ಕೋಹಾಲಿನ ಉರಿ ಇಮ್ಮಡಿ. ಮತ್ತೆ, ಬಿಯರ್ ತಾನೇ ಅಂತ ಹಗುರಾಗಿ ತಗೋಬೇಡಿ. ಶೇ. 15ರ 355 ಮಿಲಿ ಕ್ಯಾನ್‌ನಲ್ಲಿ 53 ಮಿಲಿ ಶುದ್ಧ ಆಲ್ಕೋಹಾಲ್ ಇದೆ. ಒಂದು ನೈಂಟಿ ವಿಸ್ಕಿಯಲ್ಲಿರೋದು ಸುಮಾರು 38. ಒಂದು ಕ್ಯಾನಿಗೆ ನಾಲ್ಕು ಜನ ಕೂರಿ, ಗಾಡಿ ಕೀ ಮನೇಲಿರಲಿ.

ಇಲ್ಲಿ ಸಿಗಲ್ವಾ ಅಂತ ಕೇಳ್ತೀರಿ. ಭಾರತದ ಆಹಾರ ಸುರಕ್ಷತಾ ನಿಯಮದಲ್ಲಿ ಬಿಯರ್‌ಗೆ ಶೇ. 8 ಮೇಲ್ಮಿತಿ, ಹಾಗಾಗಿ ಬೆಂಗಳೂರಿನ ಬ್ರೂಪಬ್‌ಗಳು ಮನಸ್ಸು ಮಾಡಿದ್ರೂ ಶೇ. 12ರದ್ದು ಮಾಡೋ ಹಾಗಿಲ್ಲ. ವಿದೇಶದಿಂದ ಬರೋರ ಕೈಲಿ ತರಿಸಬೇಕು. ಸುಂಕ ಇಲ್ಲದೆ ತರಬಹುದಾದ್ದು ತಲೆಗೆ 2 ಲೀಟರ್ ಮದ್ಯ, ಅಂದ್ರೆ 355 ಮಿಲಿಯ ಐದು ಕ್ಯಾನ್. ತರೋರಿಗೆ ತಳದಲ್ಲಿರೋ ತಾರೀಖು ನೋಡೋಕೆ ಹೇಳಿ, ಅಂಗಡಿಯ ಕಿಟಕಿ ಪಕ್ಕ ಬಿಸಿಲಲ್ಲಿ ನಿಂತಿದ್ದು ಬೇಡ ಅಂತಲೂ ಹೇಳಿ. ಒಂದೊಂದನ್ನೂ ಜಿಪ್ ಕವರಿಗೆ ಹಾಕಿ, ಬಟ್ಟೆ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಟ್ಟು ತರಲಿ. ಮನೆಗೆ ಬಂದ ರಾತ್ರಿಯೇ ತೆಗೀಬೇಡಿ, ಕದಡಿದ ಗಸಿ ಕೂರಬೇಕು. ಒಂದು ವಾರ ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟು ತೆಗೀರಿ.