ಮರವೋ ಕಾಂಪೋಸಿಟೋ? ನಮ್ಮ ಮನೆಯ ಡೆಕ್ ಕಥೆ

ನಮಸ್ಕಾರ. ಈಗ ನೀವು ನೋಡುತ್ತಿರುವುದು 2023ರ ಏಪ್ರಿಲ್‌ನಲ್ಲಿ ನಾನು ಫೋನಿನಲ್ಲಿ ತೆಗೆದ ವಿಡಿಯೋ. ಮನೆ ಹಿಂದಿನ ಮರದ ಡೆಕ್ಕಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿರುವವರು ನಮ್ಮಪ್ಪ. ಕೈಯಲ್ಲಿ ಸ್ಕ್ರೂಡ್ರೈವರ್. ಮನೆಯ ಗೋಡೆಗೆ ಜೋಡಿಸಿದ ಹಲಗೆಯನ್ನು ಅವರು ಮೊದಲು ಬೆರಳ ಗೆಣ್ಣಿನಿಂದ ತಟ್ಟಿದರು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಆಮೇಲೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಒತ್ತಿದರು. ಅದು ಎರಡು ಇಂಚು ಒಳಗೆ ಹೋಯಿತು. ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿದ ಹಾಗೆ.

ಅದಕ್ಕೆ ಎರಡು ವಾರ ಮೊದಲು, ಯುಗಾದಿ ದಿನ, ಅದೇ ಡೆಕ್ಕಿನ ಮೇಲೆ ಇಪ್ಪತ್ತು ಜನ ನಿಂತು ಹೋಳಿಗೆ ತಿಂದಿದ್ದರು. ಅದರಲ್ಲಿ ಆರು ಮಕ್ಕಳು. ಸ್ಕ್ರೂಡ್ರೈವರ್ ಒಳಗೆ ಹೋದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲೆ ಪಕ್ಕದ ಕೇರಿ ಎನ್ನುವ ಊರಲ್ಲಿ. ಊರಿನ ಹೆಸರು ಕೇಳಿಯೇ ಅಪ್ಪನಿಗೆ ಖುಷಿ. "ಅಮೆರಿಕಕ್ಕೆ ಹೋದ್ರೂ ಕೇರಿಲೇ ಇದೀಯಲ್ಲ" ಎನ್ನುತ್ತಾರೆ. ಇಲ್ಲಿನ ಮಣ್ಣೂ ಕೆಂಪು, ನಮ್ಮ ತೀರ್ಥಹಳ್ಳಿ ಕಡೆಯದರ ಹಾಗೆ. ಮನೆ 1998ರಲ್ಲಿ ಕಟ್ಟಿದ್ದು. ಹಿಂದುಗಡೆ, ಪಶ್ಚಿಮಕ್ಕೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ ಒಂದು ಡೆಕ್. ಹದಿನಾರಡಿ ಉದ್ದ, ಹನ್ನೆರಡಡಿ ಅಗಲ. ಡೆಕ್ ಎಂದರೆ ಏನು ಎಂದು ಅಮ್ಮ ಮೊದಲ ಸಲ ಕೇಳಿದಾಗ ನಾನು ಜಗುಲಿ ಎಂದಿದ್ದೆ. ಮೇಲೆ ಚಾವಣಿ ಇಲ್ಲದ, ಮರದ ಜಗುಲಿ.

ಹಲಗೆಗಳು ಬೂದು ಬಣ್ಣಕ್ಕೆ ತಿರುಗಿ ಸಿಬಿರು ಏಳುತ್ತಿದ್ದವು. ಹೊಸದು ಹಾಕಿಸಬೇಕು ಎಂದು 2021ರಲ್ಲೇ ಹೊರಟಿದ್ದೆವು. ಆದರೆ ಆ ವರ್ಷದ ಮೇ ತಿಂಗಳಲ್ಲಿ ಇಲ್ಲಿ ಮರದ ಬೆಲೆ ಹಿಂದೆಂದೂ ಕಾಣದಷ್ಟು ಮೇಲೆ ಹೋಯಿತು. ಸುಮ್ನೆ ಬಿಟ್ಟೆವು. ಆಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಮರವೋ, ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಕಾಂಪೋಸಿಟೋ? ಅಡುಗೆಮನೆಯ ಮೇಜಿನ ಮೇಲೆ ಹಲಗೆಯ ತುಂಡುಗಳ ಸಾಲು. ಯಾವ ಬಣ್ಣ, ಯಾವ ಕಂಪನಿ, ಎಷ್ಟು ವರ್ಷದ ವಾರಂಟಿ, ಇದೇ ಮಾತು. ಒಬ್ಬರೂ ಕೆಳಗೆ ಬಗ್ಗಿ ನೋಡಿರಲಿಲ್ಲ. ಅಪ್ಪ ಬಂದ ಮೂರನೇ ದಿನ ಬಗ್ಗಿದರು.

ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ಚಿತ್ರ ನೋಡಿ. ಗೋಡೆಗೆ ಅಡ್ಡಲಾಗಿ ಜೋಡಿಸಿದ ದಪ್ಪ ಹಲಗೆಗೆ ಇಲ್ಲಿ ಲೆಡ್ಜರ್ ಎನ್ನುತ್ತಾರೆ. ಅದರಿಂದ ಹೊರಕ್ಕೆ ಸಾಲಾಗಿ ಹೋಗಿರುವುದು ಜಾಯಿಸ್ಟ್‌ಗಳು. ನಮ್ಮ ಅಟ್ಟದ ಜಂತೆಗಳಿದ್ದ ಹಾಗೆ. ಆ ಕಡೆಯ ತುದಿಯಲ್ಲಿ ಒಂದು ತೊಲೆ, ಅದಕ್ಕೆ ಕಂಬಗಳು. ಡೆಕ್ಕಿನ ಅರ್ಧ ಭಾರ ಹೆಚ್ಚು ಕಡಿಮೆ ಆ ಲೆಡ್ಜರ್ ಮೇಲೆಯೇ ಇರುತ್ತದೆ. ಚದರಡಿಗೆ 40 ಪೌಂಡ್ ಭಾರ ತಡೆಯಬೇಕು ಎಂಬುದು ಇಲ್ಲಿ ಡೆಕ್ ಕಟ್ಟುವ ಸಾಮಾನ್ಯ ಲೆಕ್ಕ. ನಮ್ಮದು 192 ಚದರಡಿ. ಅಂದರೆ ಏಳೂವರೆ ಸಾವಿರ ಪೌಂಡಿಗೂ ಜಾಸ್ತಿ, ಸುಮಾರು ಮೂರೂವರೆ ಟನ್.

ನಮ್ಮ ಲೆಡ್ಜರನ್ನು ಆಗ ಕಟ್ಟಿದವರು ಬರೀ ಮೊಳೆ ಹೊಡೆದು ನಿಲ್ಲಿಸಿದ್ದರು. ಬೋಲ್ಟ್ ಇಲ್ಲ. ಗೋಡೆ ಮತ್ತು ಹಲಗೆಯ ಸಂದಿಗೆ ನೀರು ಇಳಿಯದಂತೆ ಮಡಚಿ ಕೂರಿಸುವ ತಗಡೂ ಇಲ್ಲ. ಇಪ್ಪತ್ತೈದು ವರ್ಷ ಮಳೆ ನೀರು ಅದೇ ಸಂದಿಗೆ ಇಳಿದಿದೆ. ಮರ ಕೊಳೆಯುವುದು ಬೂಷ್ಟಿನ ಜಾತಿಯ ಒಂದು ಶಿಲೀಂಧ್ರದಿಂದ. ಅದಕ್ಕೆ ಬೇಕಾಗಿರುವುದು ಆರದ ತೇವ. ಬಿಸಿಲಿಗೆ ಬಿದ್ದ ಮೇಲಿನ ಹಲಗೆ ನೆನೆಯುತ್ತದೆ, ಒಣಗುತ್ತದೆ. ಸಂದಿಯಲ್ಲಿ ಸಿಕ್ಕ ನೀರು ಒಣಗುವುದಿಲ್ಲ. ಅದಕ್ಕೇ ಎಲ್ಲರೂ ಬೈಯುತ್ತಿದ್ದ ಆ ಬೂದು ಹಲಗೆಗಳು ಗಟ್ಟಿಯಾಗಿದ್ದವು, ಯಾರೂ ನೋಡದ ಲೆಡ್ಜರ್ ಪುಡಿಯಾಗಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕಾಂಪೋಸಿಟ್ ಡೆಕ್ ಎಂದು ನಾವು ಹೇಳುವುದರ ಅಡಿಯಲ್ಲಿ ಇರುವುದೂ ಹೆಚ್ಚಾಗಿ ಮರವೇ. ಕಾಂಪೋಸಿಟ್ ಹಲಗೆ ಕಾಲಡಿಗೆ ಹಾಸುವುದಕ್ಕೆ ಮಾತ್ರ. ಅದನ್ನು ಜಂತೆ ಮಾಡಲು ಆಗುವುದಿಲ್ಲ, ತೊಲೆ ಮಾಡಲು ಆಗುವುದಿಲ್ಲ. ಕಬ್ಬಿಣದ ಚೌಕಟ್ಟು ಹಾಕಿಸುವವರೂ ಇದ್ದಾರೆ, ಆದರೆ ಕಡಿಮೆ. ಮೇಲಿನ ಹಲಗೆಗೆ 25 ವರ್ಷ, ಕೆಲವಕ್ಕೆ 50 ವರ್ಷ ವಾರಂಟಿ ಇರಬಹುದು. ಅಡಿಯ ಮರಕ್ಕೆ ಹನ್ನೆರಡು ವರ್ಷಕ್ಕೇ ನೀರು ಹಿಡಿದರೆ ಆ ವಾರಂಟಿ ಕಾಗದ ಇಟ್ಟುಕೊಂಡು ಏನು ಮಾಡುವುದು?

ಅದಕ್ಕೆ ನಾವು ದುಡ್ಡಿನ ಮೊದಲ ಪಾಲನ್ನು ಕೆಳಗೇ ಹಾಕಿದೆವು. ಲೆಡ್ಜರಿಗೆ ಬೋಲ್ಟ್, ತಗಡು. ಹದಿನಾರು ಇಂಚಿಗೆ ಒಂದರ ಬದಲು ಹನ್ನೆರಡು ಇಂಚಿಗೆ ಒಂದು ಜಾಯಿಸ್ಟ್. ಹದಿಮೂರರ ಜಾಗದಲ್ಲಿ ಹದಿನೇಳಾದವು. ಪ್ರತಿ ಜಾಯಿಸ್ಟಿನ ನೆತ್ತಿಯ ಮೇಲೆ ಅಂಟಿನ ಕಪ್ಪು ಟೇಪ್, ಸ್ಕ್ರೂ ತೂತಿನಿಂದ ನೀರು ಇಳಿಯಬಾರದು ಎಂದು. ಇದ್ಯಾವುದೂ ಫೋಟೋದಲ್ಲಿ ಕಾಣುವುದಿಲ್ಲ. ಮುಂದೆ ಎಂದಾದರೂ ಮನಸ್ಸು ಬದಲಾಗಿ ಕಾಂಪೋಸಿಟ್ ಹಾಸಿದರೂ ಇದೇ ಚೌಕಟ್ಟು ಸಾಕು.

ಹಳೆಯ ಹಲಗೆ ಕೀಳಿಸಿದ ದಿನ ಅಪ್ಪ ಆ ರಾಶಿಯ ಮುಂದೆ ನಿಂತು, "ಊರಲ್ಲಾಗಿದ್ರೆ ಬಚ್ಚಲೊಲೆಗೆ ಒಂದು ಮಳೆಗಾಲ ಸಾಕಾಗ್ತಿತ್ತು" ಎಂದರು. ನಾನು ಗಾಬರಿಯಿಂದ ಬೇಡ ಎಂದೆ. 2003ಕ್ಕೂ ಮೊದಲಿನ ಡೆಕ್ ಮರಕ್ಕೆ ಇಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಔಷಧಿ ಕುಡಿಸುತ್ತಿದ್ದರು. ಆರ್ಸೆನಿಕ್ ಅಂದರೆ ಪಾಷಾಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಜೊತೆ ಆದ ಒಪ್ಪಂದದಂತೆ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ಅಂಥ ಮರವನ್ನು ಸುಡಬಾರದು, ಹೊಗೆಯೂ ವಿಷ, ಬೂದಿಯೂ ವಿಷ. ತರಕಾರಿ ಮಡಿಗೆ ಕಟ್ಟೆ ಮಾಡಲೂ ಬಳಸಬಾರದು. ಹಳೇ ಮನೆ ಕೊಂಡ ನಮ್ಮ ಜನ ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹಿತ್ತಲಲ್ಲಿ ಬೆಂಕಿ ಹಾಕಿ ಜೋಳ ಸುಡುವ ಅಭ್ಯಾಸ ಎಲ್ಲರಿಗೂ ಇದೆ ಅಲ್ವಾ?

ಈಗ ಬರುವ ಮರಕ್ಕೆ ಆರ್ಸೆನಿಕ್ ಇಲ್ಲ, ತಾಮ್ರವೇ ಮುಖ್ಯ. ಅದಕ್ಕೇ ಹೊಸ ಹಲಗೆಗೆ ಸ್ವಲ್ಪ ಹಸಿರು ಛಾಯೆ. ಈ ತಾಮ್ರ ಸಾದಾ ಮೊಳೆಯನ್ನು ತಿಂದು ಹಾಕುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ ಮೊಳೆ, ಇಲ್ಲ ಸ್ಟೇನ್‌ಲೆಸ್ ಸ್ಟೀಲ್, ಅಥವಾ ಈ ಮರಕ್ಕೆಂದೇ ಲೇಪ ಕೊಟ್ಟ ಸ್ಕ್ರೂ ಬೇಕು. ಇನ್ನೊಂದು, ಪ್ರತಿ ಹಲಗೆಯ ತುದಿಯಲ್ಲಿ ಪಿನ್ ಹೊಡೆದ ಒಂದು ಪುಟ್ಟ ಚೀಟಿ ಇರುತ್ತದೆ. ಈಗ ಹತ್ತಿರದಿಂದ ತೋರಿಸುತ್ತಿದ್ದೇನೆ ನೋಡಿ. ಇದರಲ್ಲಿ 'ಗ್ರೌಂಡ್ ಕಾಂಟ್ಯಾಕ್ಟ್' ಎಂದಿದೆ. ಅಂದರೆ ಮಣ್ಣಿಗೆ ತಾಗಿದರೂ ತಡೆಯುವಷ್ಟು ಔಷಧಿ ಕುಡಿದ ಮರ. ಚೌಕಟ್ಟಿಗೆ ಇದನ್ನೇ ಕೇಳಿ ತನ್ನಿ.

ಮರದ ಅಂಗಡಿಯಲ್ಲಿ ಅಪ್ಪ ಹಲಗೆಯ ತುದಿಯನ್ನು ಬಹಳ ಹೊತ್ತು ನೋಡಿದರು. "ಇದ್ರಲ್ಲಿ ಚೇಗೇ ಇಲ್ವಲ್ಲ ಪುಟ್ಟಿ" ಎಂದರು. ನಮ್ಮ ಕಡೆ ಮರ ಅಂದರೆ ಚೇಗು. ಹಲಸಾಗಲಿ, ಹೊನ್ನೆಯಾಗಲಿ, ಒಳಗಿನ ಗಟ್ಟಿ ಭಾಗಕ್ಕೇ ಬೆಲೆ. ಹೊರಗಿನ ಬಿಳಿ ಮರವನ್ನು ಗೆದ್ದಲು ತಿನ್ನುತ್ತದೆ ಎಂದು ಕೆತ್ತಿ ತೆಗೆಯುತ್ತಾರೆ. ಇಲ್ಲಿಯದು ತಿರುಗಾಮುರುಗಾ. ಈ ಸದರ್ನ್ ಪೈನ್ ಮರದ ಹೊರಭಾಗವೇ ಔಷಧಿಯನ್ನು ಸ್ಪಂಜಿನ ಹಾಗೆ ಹೀರುವುದು. ಕೊಳವೆಯಂಥ ದೊಡ್ಡ ಟ್ಯಾಂಕಿನಲ್ಲಿ ಮರ ತುಂಬಿ, ಒತ್ತಡ ಹಾಕಿ ಕುಡಿಸುತ್ತಾರೆ. ಚೇಗಿಗೆ ಅದು ಸರಿಯಾಗಿ ಇಳಿಯುವುದಿಲ್ಲ. ಬೇಗ ಬೆಳೆಯುವ ಮರವನ್ನು ಹೀಗೆ ಬಾಳಿಕೆಗೆ ತರುತ್ತಾರೆ ಎಂದು ನಾನು ಹೇಳಿದಾಗ ಅಪ್ಪ ತಲೆಯಾಡಿಸಿದರು. ಕರಾವಳಿಯಲ್ಲಿ ಹೆಂಚಿನ ಚಾವಣಿಯ ಪಕಾಸಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದನ್ನು ಅವರು ನೋಡಿದವರು. ಕುಡಿಸುವುದು ಹಚ್ಚುವುದಕ್ಕಿಂತ ಮೇಲು ಎಂದು ಅವರಿಗೆ ತಕ್ಷಣ ಹೊಳೆಯಿತು.

ಇನ್ನು ಕಾಂಪೋಸಿಟ್. ಇದು ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಒತ್ತಿ ತೆಗೆದ ಹಲಗೆ. ಕೆಲವು ಕಂಪನಿಗಳು ಹಳೆಯ ಪ್ಲಾಸ್ಟಿಕ್ ಚೀಲ, ಪ್ಯಾಕಿಂಗ್ ಹಾಳೆಗಳನ್ನೇ ಕರಗಿಸಿ ಮಾಡುತ್ತವೆ. ಮೊದಮೊದಲಿನ ಹಲಗೆಗಳಿಗೆ ಮೇಲೆ ಹೊದಿಕೆ ಇರಲಿಲ್ಲ. ಒಳಗಿನ ಮರದ ಪುಡಿಗೆ ನೀರು ಸೇರಿ ಕಪ್ಪು ಚುಕ್ಕೆ ಬರುತ್ತಿತ್ತು, ಬಣ್ಣ ಮಾಸುತ್ತಿತ್ತು. ಈಗ ಬರುವ ಒಳ್ಳೆಯ ಹಲಗೆಗಳ ಸುತ್ತ ಗಟ್ಟಿ ಪ್ಲಾಸ್ಟಿಕ್ ಪದರ ಇರುತ್ತದೆ. ಕೊಳ್ಳುವಾಗ ನಾಲ್ಕೂ ಕಡೆ ಹೊದಿಕೆ ಇದೆಯೋ, ಬರೀ ಮೂರು ಕಡೆಯೋ ಎಂದು ತಿರುಗಿಸಿ ನೋಡಿ. ಸಿಬಿರು ಏಳುವುದಿಲ್ಲ. ಬಣ್ಣ ಹಚ್ಚುವ ಕೆಲಸ ಇಲ್ಲ. ಗೆದ್ದಲಿಗೂ ಬೇಡ. ಇವೆಲ್ಲ ದೊಡ್ಡ ಗುಣಗಳೇ, ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ಏನೂ ಕೆಲಸವೇ ಇಲ್ಲ ಎಂದು ಮಾರುತ್ತಾರಲ್ಲ, ಅದು ನಿಜವಲ್ಲ. ಇಲ್ಲಿ ಮಾರ್ಚ್ ಕೊನೆಗೆ ಪೈನ್ ಮರಗಳ ಪರಾಗ ಉದುರುತ್ತದೆ. ಕಾರು, ಕಿಟಕಿ, ಅಂಗಳ, ಎಲ್ಲದರ ಮೇಲೂ ಅರಿಶಿನ ಚೆಲ್ಲಿದ ಹಾಗೆ. ಅದರ ಮೇಲೆ ಮಳೆ ಬಿದ್ದು ಹಾಗೇ ಬಿಟ್ಟರೆ ಯಾವ ಹಲಗೆಯ ಮೇಲಾದರೂ ಬೂಷ್ಟು ಬರುತ್ತದೆ, ಕಾಂಪೋಸಿಟ್ ಆದರೂ ಸರಿ. ವರ್ಷಕ್ಕೆ ಎರಡು ಸಲ ಸೋಪುನೀರು ಹಾಕಿ ಬ್ರಷ್‌ನಲ್ಲಿ ಉಜ್ಜಲೇಬೇಕು.

ಬೆಲೆ ಹೇಳುತ್ತೇನೆ. ನಮಗೆ ಸಿಕ್ಕ ಲೆಕ್ಕದಲ್ಲಿ ಹಲಗೆಗೆ ಹಲಗೆ ನೋಡಿದರೆ ಕಾಂಪೋಸಿಟ್ ಮೂರು ಪಟ್ಟು. ಆದರೆ ಚೌಕಟ್ಟು, ಕೂಲಿ, ಪರ್ಮಿಟ್ ಎರಡಕ್ಕೂ ಒಂದೇ. ಹಾಗಾಗಿ ಒಟ್ಟು ಖರ್ಚಿನಲ್ಲಿ ಅಂತರ ಅಷ್ಟು ದೊಡ್ಡದಲ್ಲ. ಮರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಹಚ್ಚುವ ಎಣ್ಣೆಬಣ್ಣದ ಖರ್ಚು ಸೇರಿಸಿದರೆ ಅಂತರ ಇನ್ನೂ ಇಳಿಯುತ್ತದೆ. ನಿಜ ಹೇಳಬೇಕೆಂದರೆ ನಾವು ಆರಿಸಿದ್ದು ದುಡ್ಡು ನೋಡಿ ಅಲ್ಲ. ಕಾಲು ನೋಡಿ.

ಜೂನ್ ತಿಂಗಳ ಒಂದು ಮಧ್ಯಾಹ್ನ, ಮೂರು ಗಂಟೆ. ಮೂರು ತುಂಡುಗಳನ್ನು ಬೆಳಿಗ್ಗೆಯಿಂದ ಬಿಸಿಲಿಗೆ ಇಟ್ಟಿದ್ದೆ. ಕಾಫಿಪುಡಿ ಬಣ್ಣದ ಕಾಂಪೋಸಿಟ್, ತಿಳಿ ಬೂದು ಕಾಂಪೋಸಿಟ್, ಮತ್ತೆ ಪೈನ್. ಅಪ್ಪ ಚಪ್ಪಲಿ ಬಿಟ್ಟು ಒಂದೊಂದರ ಮೇಲೂ ಕಾಲಿಟ್ಟರು. ಕಾಫಿಪುಡಿ ಬಣ್ಣದ್ದರ ಮೇಲೆ ಒಂದು, ಎರಡು ಎಣಿಸುವಷ್ಟರಲ್ಲಿ "ಹಾ" ಎಂದು ಕಾಲು ಎತ್ತಿದರು. ತಿಳಿ ಬೂದಿನ ಮೇಲೆ ಆರು ಎಣಿಸಿದೆ. ಪೈನ್ ಕೂಡ ಬಿಸಿಯಾಗಿತ್ತು, ಆದರೆ ನಿಂತೇ ಇದ್ದರು, ನಿಂತು ಮಾತಾಡಿದರು. ಮರದ ಒಳಗೆ ಸಣ್ಣ ಸಣ್ಣ ಗಾಳಿಗೂಡುಗಳಿವೆ. ಅದು ಬಿಸಿಯನ್ನು ಕಾಲಿಗೆ ನಿಧಾನವಾಗಿ ದಾಟಿಸುತ್ತದೆ. ಪ್ಲಾಸ್ಟಿಕ್ ತುಂಬಿದ ಹಲಗೆ ಒತ್ತಾಗಿರುತ್ತದೆ, ಬಿಸಿ ಹಿಡಿದಿಟ್ಟು ಬೇಗ ದಾಟಿಸುತ್ತದೆ. ಗಾಢ ಬಣ್ಣವಾದರೆ ಕೇಳುವುದೇ ಬೇಡ.

ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಡೆಕ್ಕಿಗೆ ಚಪ್ಪಲಿ ಹಾಕಿಕೊಂಡೇ ಹೋಗುತ್ತಾರೆ. ಅವರಿಗೆ ಇದು ಅಷ್ಟು ದೊಡ್ಡ ವಿಷಯ ಆಗಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡುವವರು. ಅಪ್ಪ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾರೆ. ಅಮ್ಮ ಬಿಸಿಲಿಗೆ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಾರೆ, ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು. ಮಗಳು ಮಧ್ಯಾಹ್ನ ಶಾಲೆಯಿಂದ ಬಂದವಳೇ ಹಿತ್ತಲಿಗೆ ಓಡುತ್ತಾಳೆ. ಪಶ್ಚಿಮದ ಬಿಸಿಲು ಸರಿಯಾಗಿ ಆ ಹೊತ್ತಿಗೇ ಬೀಳುವುದು.

ನಾವು ಮರವನ್ನೇ ಹಾಸಿದೆವು. ಇಪ್ಪತ್ತಾರು ಹಲಗೆ. ಕೈ ಉಜ್ಜುವ ಜಾಗದಲ್ಲಿ, ಅಂದರೆ ಕಟಾಂಜನದ ಮೇಲಿನ ಪಟ್ಟಿಗೆ ಮಾತ್ರ, ತಿಳಿ ಬಣ್ಣದ ಕಾಂಪೋಸಿಟ್. ಮಕ್ಕಳ ಅಂಗೈಗೆ ಸಿಬಿರು ಹೋಗುವುದು ಅಲ್ಲಿಂದಲೇ ಜಾಸ್ತಿ. ಹೊಸ ಹಲಗೆ ಅಂಗಡಿಯಿಂದ ಹಸಿಹಸಿಯಾಗಿ ಬರುತ್ತದೆ, ಆರಿದ ಹಾಗೆ ಅಗಲದಲ್ಲಿ ಕುಗ್ಗುತ್ತದೆ. ಅದಕ್ಕೆ ಒತ್ತೊತ್ತಾಗಿ ಜೋಡಿಸಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಸಂದಿ ತಾನೇ ಬಿಟ್ಟುಕೊಂಡಿತು. ಸೆಪ್ಟೆಂಬರ್‌ನಲ್ಲಿ ಉಪ್ಪುಕಾಗದ ಹಿಡಿದು ಉಜ್ಜಿ ಮೊದಲ ಸಲ ಬಣ್ಣ ಹಚ್ಚಿದೆವು. ಔಷಧಿ ಹುಳು, ಕೊಳೆ ತಡೆಯುತ್ತದೆ ಅಷ್ಟೇ. ಬಿಸಿಲನ್ನು ತಡೆಯುವುದು ಈ ಬಣ್ಣ.

ಎಪೆಕ್ಸ್ ಊರಿನಲ್ಲಿರುವ ಗೆಳತಿ ಇದೇ ಪ್ರಶ್ನೆ ಕೇಳಿದಾಗ ನಾನು ಕಾಂಪೋಸಿಟ್ ಹಾಕಿಸು ಎಂದೆ. ಅವಳ ಡೆಕ್ ಉತ್ತರಕ್ಕಿದೆ, ಮೇಲೆ ಎರಡು ದೊಡ್ಡ ಓಕ್ ಮರ. ಬಿಸಿಲೇ ಬೀಳುವುದಿಲ್ಲ, ಮರ ಆರುವುದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಶನಿವಾರ ಕೆಲಸ. ಅಲ್ಲಿ ಮರ ಹಾಸಿದ್ದರೆ ಅದನ್ನು ನೋಡಿಕೊಳ್ಳುವವರು ಯಾರು? ಒಂದೇ ಮಾತು ಸೇರಿಸಿದೆ: ಅದೇ ಬಣ್ಣದ ನಾಲ್ಕು ಹಲಗೆ ಜಾಸ್ತಿ ತಂದು ಗ್ಯಾರೇಜಿನಲ್ಲಿಡು, ಕಂಪನಿಯವರು ಆ ಬಣ್ಣ ನಿಲ್ಲಿಸಿದರೆ ಆಮೇಲೆ ಸಿಗುವುದಿಲ್ಲ.

ಬಣ್ಣ ಹಚ್ಚಿ ಎರಡು ವರ್ಷ ಆಯಿತು. ಈಗ ನೀವು ನೋಡುತ್ತಿರುವುದು ಇವತ್ತು ಬೆಳಿಗ್ಗೆಯ ವಿಡಿಯೋ. ಚಮಚದಲ್ಲಿ ನೀರು ತೆಗೆದುಕೊಂಡು ಹಲಗೆಯ ಮೇಲೆ ನಾಲ್ಕು ಹನಿ ಬಿಟ್ಟಿದ್ದೇನೆ. ಗೋಡೆಯ ಪಕ್ಕದ ಹನಿ ಕೆಸುವಿನೆಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತಿದೆ. ಮೆಟ್ಟಿಲ ಹತ್ತಿರದ ಹನಿ ನೋಡಿ, ಹರಡಿತು, ಕಪ್ಪಾಯಿತು, ಒಳಗೆ ಹೋಯಿತು. ಅಲ್ಲಿಯ ಬಣ್ಣ ಮುಗಿದಿದೆ ಎಂದರ್ಥ.

ಇದನ್ನು ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಮೆಟ್ಲು ಹತ್ರ ಮೊದ್ಲು ಉಜ್ಜು. ನಾನು ಕೂರೋ ಜಾಗ ಅದು, ಸವೆದಿರುತ್ತೆ" ಎಂದರು. ಆಮೇಲೆ ಕೇಳಿದರು, "ಕೆಳಗೆ ಬಗ್ಗಿ ನೋಡಿದ್ಯಾ?"

ನೋಡಿದೆ. ತಗಡಿನ ಅಡಿ ಒಣಗಿದೆ. ಸ್ಕ್ರೂಡ್ರೈವರ್ ಒಳಗೆ ಹೋಗಲಿಲ್ಲ. ಬರುವ ಶನಿವಾರ ಮಳೆ ಇಲ್ಲವಂತೆ, ಉಪ್ಪುಕಾಗದ ತಂದಿಟ್ಟಿದ್ದೇನೆ.