ಮೇ ತಿಂಗಳಲ್ಲಿ ಬನ್ನಿ
(ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸ)

ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕ ಬಂಧುಗಳೇ,

ಶಾಲು, ಹಾರ ಎಲ್ಲ ಆಯಿತು. ನಾನು ಎಷ್ಟು ಸಲ ರಕ್ತ ಕೊಟ್ಟೆ ಎನ್ನುವ ಲೆಕ್ಕ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಯಾವಾಗ ಕೊಡಬೇಕು ಎನ್ನುವುದನ್ನು ಹೇಳಿ ಹೋಗುತ್ತೇನೆ.

ನಾನು ಶುರು ಮಾಡಿದಾಗ ನಮ್ಮೂರು ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಆಗ ದೇಶದಲ್ಲಿ ದುಡ್ಡಿಗೆ ರಕ್ತ ಮಾರುವವರಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ, 1998ರ ಜನವರಿ 1ರಿಂದ ಆ ದಂಧೆಗೆ ನಿಷೇಧ ಬಿತ್ತು. ಭಾರವೆಲ್ಲ ಮನಸ್ಸಿದ್ದು ಕೊಡುವವರ ಮೇಲೆ ಬಂತು.

ಮೊದಲು ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ನೀಲಿ ದ್ರಾವಣಕ್ಕೆ ಬಿಡುತ್ತಿದ್ದರು. ಆ ನೀಲಿ ಏನು ಗೊತ್ತಾ? ದ್ರಾಕ್ಷಿ ತೋಟಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತೀರಲ್ಲ, ಅದೇ ಮೈಲುತುತ್ತ. ಹನಿ ಸೀದಾ ತಳಕ್ಕಿಳಿದರೆ ಹಿಮೋಗ್ಲೋಬಿನ್ 12.5 ಇದೆ ಅಂತ. ತೇಲಿದರೆ ಮನೆಗೆ ವಾಪಸ್. ಈಗ ಬಹಳ ಕಡೆ ಪುಟ್ಟ ಮೀಟರ್ ಬಂದಿದೆ. ಹನಿ ಇಳಿಯುತ್ತೋ ಇಲ್ಲವೋ ಅಂತ ಬಗ್ಗಿ ನೋಡುವ ಮಜಾ ಅದರಲ್ಲಿಲ್ಲ. ಹುಡುಗಿಯರು ಈ ಪರೀಕ್ಷೆಯಲ್ಲೇ ವಾಪಸಾಗುವುದನ್ನು ಬಹಳ ಕಂಡಿದ್ದೇನೆ. ನಾಚಿಕೆ ಬೇಡಮ್ಮ, ಡಾಕ್ಟರನ್ನು ಕಂಡು ಕಬ್ಬಿಣದ ಮಾತ್ರೆ ತಗೊಳ್ಳಿ.

ಇನ್ನು ನಾಯಕರ ಹುಟ್ಟುಹಬ್ಬ. ಶಾಮಿಯಾನ, ಬ್ಯಾನರ್, ಒಂದೇ ದಿನ ಸಾಲುಗಟ್ಟಿ ರಕ್ತದಾನ. ಬೇಡ ಅನ್ನುವುದಿಲ್ಲ. ಆದರೆ ಕೆಂಪು ಕಣಗಳು ಫ್ರಿಜ್ಜಿನಲ್ಲಿಟ್ಟರೂ ಬಾಳುವುದು 35 ದಿನ, ಹೆಚ್ಚೆಂದರೆ 42. ಪ್ಲೇಟ್‌ಲೆಟ್ಟಿಗೆ ಐದೇ ದಿನ. ಅವತ್ತು ಕೊಟ್ಟ ಗಂಡಸರು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು, ಹೆಂಗಸರು ನಾಲ್ಕು. ಕೊಟ್ಟದ್ದರ ಅವಧಿ ಮುಗಿದಿರುತ್ತದೆ, ಕೊಟ್ಟವರ ಸರದಿ ಬಂದಿರುವುದಿಲ್ಲ. ಆ ನಡುವೆ ಹೆರಿಗೆಯಲ್ಲಿ ರಕ್ತ ಹೋದ ತಾಯಿಗೆ ಯಾರು ಕೊಡಬೇಕು? ಥಲಸ್ಸೀಮಿಯಾ, ಅಂದರೆ ಮೈಯಲ್ಲಿ ಸರಿಯಾಗಿ ರಕ್ತ ತಯಾರಾಗದ ಹುಟ್ಟುಕಾಯಿಲೆ, ತೀವ್ರವಾಗಿರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಬದುಕಿರುವಷ್ಟು ಕಾಲ. ಅದು ಯಾವ ನಾಯಕರ ಹುಟ್ಟುಹಬ್ಬಕ್ಕೆ ಕಾಯುತ್ತದೆ?

ಏಪ್ರಿಲ್, ಮೇ ಬಂದರಂತೂ ಕಷ್ಟ. ಕಾಲೇಜಿಗೆ ರಜೆ, ಶಿಬಿರಗಳಿಲ್ಲ. ಹೆದ್ದಾರಿಯ ಲಾರಿಗಳಿಗೆ ರಜೆ ಇಲ್ಲವಲ್ಲ. "ಅಣ್ಣಾ, ಓ ನೆಗೆಟಿವ್ ಒಂದೂ ಇಲ್ಲ, ಬರ್ತೀರಾ?" ಅಂತ ರಕ್ತನಿಧಿಯಿಂದ ನನಗೆ ಫೋನ್ ಬರುವುದು ಹೆಚ್ಚಾಗಿ ಆಗಲೇ.

ಅದಕ್ಕೇ, ನಿಮ್ಮ ಕ್ಲಾಸಿನವರೆಲ್ಲ ಒಂದೇ ದಿನ ಬರಬೇಡಿ. ತಿಂಗಳಿಗಿಷ್ಟು ಜನ ಅಂತ ಹಂಚಿಕೊಳ್ಳಿ, ಮೇ ತಿಂಗಳಿಗೆ ಊರಲ್ಲೇ ಇರುವವರನ್ನು ಇಟ್ಟುಕೊಳ್ಳಿ. 18 ತುಂಬಿರಬೇಕು, ತೂಕ 45 ಕೆ.ಜಿ. ಇರಬೇಕು. ತಿಂಡಿ ತಿಂದು ಬನ್ನಿ. ಸೋಮವಾರದ ಉಪವಾಸದಲ್ಲಿ ಬಂದು ತಲೆಸುತ್ತಿ ಬಿದ್ದು ರಕ್ತದಾನಕ್ಕೆ ಕೆಟ್ಟ ಹೆಸರು ತರಬೇಡಿ.

ಪ್ರಶ್ನೆಗಳಿದ್ದರೆ ಕೇಳಿ. ಸೂಜಿ ನೋಯುತ್ತಾ ಅಂತ ಮಾತ್ರ ಬೇಡ. ನೋಯುತ್ತೆ.