ಚುಕ್ಕಿ ಬಿಡಿ, ಬೆನ್ನ ರೆಕ್ಕೆಯ ಕಡ್ಡಿ ಎಣಿಸಿ: ಸಕ್ಕರ್ ಮರಿ ಯಾವುದು ಅಂತ ಗುರುತಿಸೋದು

ಅಕ್ವೇರಿಯಂ ಗಾಜಿಗೆ ಬಾಯಿ ಅಂಟಿಸಿಕೊಂಡಿದೆ ನೋಡಿ, ಸುಮಾರು 5 ಸೆಂಟಿಮೀಟರ್ ಮೀನಿನ ಮರಿ. ಮೈತುಂಬ ಚುಕ್ಕಿ. ಅಂಗಡೀಲಿ ಕೇಳಿದ್ರೆ ಬರೀ 'ಸಕ್ಕರ್' ಅಂತಾರೆ. ದಕ್ಷಿಣ ಅಮೆರಿಕದ ಈ ಪ್ಲೆಕೊ ಬಳಗದಲ್ಲಿ 12-15 ಸೆಂಟಿಮೀಟರಿಗೆ ನಿಲ್ಲೋ ಬ್ರಿಸಲ್‌ನೋಸೂ ಇದೆ, 40 ಮುಟ್ಟೋ ಕಾಮನ್ ಪ್ಲೆಕೊನೂ ಇದೆ. ಮರೀಲಿ ಎರಡೂ ಒಂದೇ ಥರ ಕಾಣಬಹುದು. ಎರಡಡಿ ಟ್ಯಾಂಕ್ ಇಟ್ಟವರು ಇದನ್ನ ಮೊದಲೇ ತಿಳ್ಕೊಬೇಕು.

ಚುಕ್ಕಿಯಿಂದ ಶುರು ಮಾಡಬೇಡಿ. ಮೀನು ಹೆದರಿದ್ರೆ, ತಿಳಿ ಬಣ್ಣದ ಮರಳಿನ ಮೇಲಿದ್ರೆ, ರಾತ್ರಿ ಲೈಟ್ ಆರಿದ್ರೆ ಮೈಬಣ್ಣ ತೆಳುವಾಗುತ್ತೆ. ಬೆಳೀತಾ ಚುಕ್ಕಿಯ ಗಾತ್ರವೂ ಬದಲಾಗುತ್ತೆ. ಬದಲಾಗದೇ ಇರೋದು ಬೆನ್ನ ರೆಕ್ಕೆಯ ಕಡ್ಡಿಗಳ, ಅಂದ್ರೆ ರೆಕ್ಕೆಯನ್ನ ಎತ್ತಿ ಹಿಡಿಯೋ ಎಳೆಗಳ ಲೆಕ್ಕ.

ಎಣಿಸೋಕೆ ರೆಕ್ಕೆ ಬಿಚ್ಚಿರಬೇಕು. ಮೀನು ಜಾಗ ಬದಲಿಸುವಾಗ, ಇನ್ನೊಂದು ಮೀನು ಹತ್ತಿರ ಬಂದಾಗ ತಾನಾಗೇ ಬಿಚ್ಚುತ್ತೆ. ಆಗ ಪಕ್ಕದಿಂದ ವಿಡಿಯೋ ಮಾಡ್ಕೊಂಡು ಆಮೇಲೆ ನಿಲ್ಲಿಸಿ ನೋಡಿ. ಫ್ಲ್ಯಾಶ್ ಬೇಡ, ಗಾಜಿನಲ್ಲಿ ಹೊಳೆಯುತ್ತೆ. ಹಿಡಿಯಲೇಬೇಕಾದ್ರೆ ಬಲೆ ಬೇಡ. ರೆಕ್ಕೆಯ ಗಟ್ಟಿ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿಕೊಂಡ್ರೆ ಬಿಡಿಸೋದ್ರೊಳಗೆ ರೆಕ್ಕೆ ಹರಿಯುತ್ತೆ. ಪಾರದರ್ಶಕ ಡಬ್ಬಿಯಲ್ಲಿ ಟ್ಯಾಂಕಿನ ನೀರನ್ನೇ ತುಂಬಿಸಿ, ಮೀನನ್ನ ಅದರೊಳಕ್ಕೆ ಮೆಲ್ಲಗೆ ಅಟ್ಟಿ.

ಈಗ ಎಣಿಕೆ. ಮುಂದಿನ ಮೊದಲ ಕಡ್ಡಿ ಗಟ್ಟಿ ಮುಳ್ಳು, ಅದನ್ನ ಬಿಟ್ಟುಬಿಡಿ. ಅದರ ಹಿಂದಿನವನ್ನ ಬುಡದಲ್ಲಿ ಎಣಿಸಿ. ತುದೀಲಿ ಎಣಿಸಿದ್ರೆ ತಪ್ಪುತ್ತೆ, ಯಾಕಂದ್ರೆ ಒಂದೊಂದು ಕಡ್ಡಿಯೂ ಮೇಲಕ್ಕೆ ಹೋಗ್ತಾ ಕವಲೊಡೆಯುತ್ತೆ. ಕೊನೇದು ಬುಡದವರೆಗೂ ಸೀಳಿದ ಹಾಗೆ ಕಂಡರೂ ಅದು ಒಂದೇ. ಹತ್ತೋ ಅದಕ್ಕಿಂತ ಜಾಸ್ತಿನೋ ಬಂದ್ರೆ ನಿಮ್ಮದು ಟೆರಿಗೊಪ್ಲಿಕ್ತಿಸ್, ಕಾಮನ್ ಪ್ಲೆಕೊ ಸೇರಿರೋ, ದೊಡ್ಡದಾಗಿ ಬೆಳೆಯೋ ಕುಲ. ಏಳು ಬಂದ್ರೆ ಬ್ರಿಸಲ್‌ನೋಸ್ ಇರಬಹುದು, ಇದೇ ಬಳಗದ ಇನ್ನೊಂದು ಕುಲ ಹೈಪೊಸ್ಟೊಮಸ್ ಇರಬಹುದು, ಇನ್ನೂ ಎಷ್ಟೋ ಇವೆ. ಏಳು ಅಂದಾಕ್ಷಣ ಸಣ್ಣ ಮೀನು ಅಂತ ನಿರ್ಧಾರ ಮಾಡಬೇಡಿ, ಹೈಪೊಸ್ಟೊಮಸ್‌ನಲ್ಲೂ ದೊಡ್ಡವಿವೆ.

ಏಳು ಬಂದವರು ತಲೆ ನೋಡಿ. ಬ್ರಿಸಲ್‌ನೋಸ್ ಮರಿಗೆ ಅಗಲ, ಚಪ್ಪಟೆ ತಲೆ, ಮೂತಿಯ ಅಂಚಿನಲ್ಲಿ ಎಲುಬಿನ ಹಲಗೆ ಇಲ್ಲದ ಮೆತ್ತನೆ ಚರ್ಮ. ಕಪ್ಪು ಮೈಮೇಲೆ ತಿಳಿ ಚುಕ್ಕಿ. ಬೆನ್ನ ರೆಕ್ಕೆ, ಬಾಲದ ತುದಿ ಮರೀಲಿ ಬೆಳ್ಳಗಿರೋದೂ ಉಂಟು. ಆ ಹೆಸರಿಗೆ ಕಾರಣವಾದ ಮೂತಿಯ ಮೀಸೆ ಇಲ್ಲ ಅಂತ ತಳ್ಳಿಹಾಕಬೇಡಿ: ಇಷ್ಟು ಸಣ್ಣ ಮರಿಗೆ ಮೀಸೆ ಇನ್ನೂ ಬಂದಿರದೇ ಇರಬಹುದು, ಹೆಣ್ಣಿಗೆ ದೊಡ್ಡದಾದ ಮೇಲೂ ಗಿಡ್ಡವೋ, ಇಲ್ಲವೇ ಇಲ್ಲವೋ.

ಹತ್ತು ದಾಟಿದವರು ಬೆನ್ನ ರೆಕ್ಕೆಯ ಮುಂದೆ, ತಲೆ ಮುಗಿಯೋ ಕಡೆ ಬೆರಳಿನ ಗೆಣ್ಣಿನ ಹಾಗೆ ಉಬ್ಬು ಇದೆಯಾ ನೋಡಿ. ಉಬ್ಬಿನ ಜೊತೆ ಚಿರತೆ ಮೈಯಂಥ ಕಲೆ ಇದ್ರೆ ಅದು ಟೆರಿಗೊಪ್ಲಿಕ್ತಿಸ್ ಕುಲದ ಗಿಬ್ಬಿಸೆಪ್ಸ್ ಜಾತಿ. ಇಲ್ಲಾಂದ್ರೆ ಗಾಜಿಗೆ ಅಂಟಿದಾಗ ಹೊಟ್ಟೆ ನೋಡಿ. ಬಿಡಿಬಿಡಿ ಕಪ್ಪು ಚುಕ್ಕಿ ಇದ್ರೆ ಅದೇ ಕುಲದ ಪಾರ್ಡಾಲಿಸ್, ಚುಕ್ಕಿಗಳು ಕೂಡಿಕೊಂಡು ಹುಳು ಹರಿದ ಹಾಗೆ ಗೆರೆ ಆಗಿದ್ರೆ ಡಿಸ್‌ಜಂಕ್ಟಿವಸ್. ಈ ಎರಡು ಬೆರೆತು ಹುಟ್ಟಿದ ಮೀನುಗಳಲ್ಲಿ ಗುರುತೂ ಅರೆಬರೆ. ಮರಿಯ ಹೊಟ್ಟೆಯ ಚಿತ್ತಾರ ಇನ್ನೂ ಬಲಿತಿರಲ್ಲ, ಮೀನು 10 ಸೆಂಟಿಮೀಟರ್ ಆಗೋವರೆಗೆ ಕಾಯೋದು ಒಳ್ಳೇದು. ಸಾಕೋರಿಗೆ ಮುಖ್ಯವಾದ ಉತ್ತರ ಕಡ್ಡಿ ಎಣಿಸಿದಾಗಲೇ ಸಿಕ್ಕಿದೆ.

ಹೊಟ್ಟೆ ನೋಡುವಾಗಲೇ ಇನ್ನೊಂದು ಗಮನಿಸಿ. ಒಳಕ್ಕೆ ಕುಸಿದಿದ್ರೆ ಮೀನು ಹಸಿದಿದೆ. ಹೆಸರು ಯಾವುದೇ ಇರಲಿ, ಗಾಜಿನ ಪಾಚಿಯೊಂದರಲ್ಲೇ ಅದು ಬದುಕಲ್ಲ. ಲೈಟ್ ಆರಿಸೋ ಹೊತ್ತಿಗೆ ಸೌತೆಕಾಯಿ ಹೋಳನ್ನ ಮುಳುಗೋ ಹಾಗೆ ಭಾರ ಕಟ್ಟಿ ಹಾಕಿ, ಬೆಳಿಗ್ಗೆ ಉಳಿದದ್ದು ತೆಗೀರಿ, ನೀರು ಕೆಡಲ್ಲ.

ಟೆರಿಗೊಪ್ಲಿಕ್ತಿಸ್ ಅಂತ ಗೊತ್ತಾದ್ರೆ, ಟ್ಯಾಂಕ್ ಚಿಕ್ಕದಿದ್ರೆ, ಈಗಲೇ ಅಂಗಡಿಗೆ ವಾಪಸ್ ಕೊಡಿ, ಇಲ್ಲಾ ದೊಡ್ಡ ಟ್ಯಾಂಕಿನವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ. 2020ರಲ್ಲಿ ವಾರಾಣಸಿ ಹತ್ತಿರ ಗಂಗೆಯಲ್ಲೂ ಸಿಕ್ಕಿದ್ದು ದೂರದ ದಕ್ಷಿಣ ಅಮೆರಿಕದ ಇದೇ ಬಳಗದ ಮೀನು.